ತೀರ್ಪಿನಲ್ಲಿ ಓದಬೇಕಾದ್ದು ಕಾರಣವನ್ನು, ವರ್ಷದ ಲೆಕ್ಕವನ್ನಲ್ಲ
ಹುಣಸೂರಿನ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯಿಂದ ಬರುವ ಪಿಟಿಸಿಎಲ್ ಅರ್ಜಿಗಳ ಕಡತ ಬಿಚ್ಚಿದರೆ ಸಿಗುವ ಕಾಗದಗಳು ಸಾಮಾನ್ಯವಾಗಿ ಇವೇ: ಪರಿಶಿಷ್ಟ ಕುಟುಂಬದ ಹಿರಿಯರ ಹೆಸರಿಗೆ ಸರ್ಕಾರ ಜಮೀನು ಮಂಜೂರು ಮಾಡಿದ ಸಾಗುವಳಿ ಚೀಟಿ, ಅದರಲ್ಲಿ ಪರಭಾರೆ ಮಾಡಕೂಡದೆಂಬ ಷರತ್ತು, ಆ ಷರತ್ತು ಮುರಿದು ಆದ ಕ್ರಯಪತ್ರ, ಕೊಂಡವರ ಹೆಸರಿಗೆ ತಿರುಗಿದ ಪಹಣಿ. ಇಂಥ ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರರಿಗೆ ಕೊಡಿಸುವ ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, ಬಂದದ್ದು ಹುಣಸೂರಿನವರೇ ಆದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. 1979ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾಯ್ದೆಗೆ ಮುಂಚೆಯೇ ನಡೆದ ಷರತ್ತು ಉಲ್ಲಂಘನೆಯ ಮಾರಾಟವೂ ಊರ್ಜಿತವಲ್ಲ ಎಂಬ ಕಟ್ಟಳೆಗೆ ಬಲ ಬಂದದ್ದು ಆ ತೀರ್ಪಿನಿಂದ.

ಇವತ್ತು ಕೋರ್ಟಿನಲ್ಲಿ ಹೆಚ್ಚು ಕೇಳಿಬರುವ ಹೆಸರು ಮಾತ್ರ ಮಂಚೇಗೌಡ ಅಲ್ಲ, ನೆಕ್ಕಂಟಿ ರಾಮಲಕ್ಷ್ಮಿ. 2017ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಕ್ರಮ ಸಮಂಜಸವಾದ ಅವಧಿಯೊಳಗೆ ಆಗಬೇಕು, ಕಾಯ್ದೆ ಬಂದು 25 ವರ್ಷವಾದ ಮೇಲೆ ಬಂದ ಅರ್ಜಿ ತೀರಾ ತಡವಾಯಿತು. ಈ ತರ್ಕಕ್ಕೆ ನ್ಯಾಯಾಲಯ ಆಧಾರವಾಗಿ ಹಿಡಿದದ್ದು ಬಿಹಾರದ ಕೋಸಿ ನದಿ ಪ್ರದೇಶದ ರೈತರಿಗೆ ಜಮೀನು ಮರಳಿಸುವ 1951ರ ಕಾಯ್ದೆಯ ಮೇಲಿನ ತೀರ್ಪನ್ನು. ಅಲ್ಲಿ 24 ವರ್ಷ ತಡವಾಗಿತ್ತು. ಆದರೆ ಕೋಸಿಯ ಕಾನೂನು ಒಂದು ಕಾಲಘಟ್ಟದಲ್ಲಿ ಆದ ನಷ್ಟ ತುಂಬಿಕೊಡಲು ಬಂದದ್ದು. ನಮ್ಮದು ಸರ್ಕಾರದ ಅನುಮತಿಯಿಲ್ಲದ ಮಾರಾಟವನ್ನು ಇಂದಿಗೂ ತಡೆಯುವ ಕಾಯ್ದೆ. ಯಾರೂ ಅರ್ಜಿ ಕೊಡದಿದ್ದರೂ ಸ್ವಯಂಪ್ರೇರಿತವಾಗಿ ಮುಂದಾಗುವ ಅಧಿಕಾರವನ್ನು ಅದು ಎಸಿಗೆ ಕೊಟ್ಟಿದೆ. ಅಧಿಕಾರವಿದ್ದೂ ಆಡಳಿತ ಕೈಕಟ್ಟಿ ಕೂತ ವರ್ಷಗಳನ್ನೆಲ್ಲ ಓದುಬರಹ ಬಾರದ ಮಂಜೂರಾತಿದಾರನ ತಲೆಗೆ ಕಟ್ಟುವುದು ಯಾವ ನ್ಯಾಯ?

ನೆಕ್ಕಂಟಿ ತೀರ್ಪನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ. ಎಸಿಯೂ ಅದನ್ನು ಮೀರುವಂತಿಲ್ಲ. ಒಬ್ಬ ಅಧಿಕಾರಿ ಬಂದಾಗ ಒಂದು ನ್ಯಾಯ, ವರ್ಗವಾಗಿ ಇನ್ನೊಬ್ಬರು ಬಂದಾಗ ಇನ್ನೊಂದು ನ್ಯಾಯ ಎಂದಾಗದಂತೆ ಬಡವನನ್ನು ಕಾಯುವುದೂ ಪೂರ್ವನಿದರ್ಶನವೇ. ಆದರೆ ತೀರ್ಪೊಂದು ತಾನು ನಿಜಕ್ಕೂ ತೀರ್ಮಾನಿಸಿದ ಸಂಗತಿಗೆ ಮಾತ್ರ ಆಧಾರ ಎಂದು 1967ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಸುಧಾಂಶು ಶೇಖರ ಮಿಶ್ರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೆಕ್ಕಂಟಿ ಪ್ರಕರಣದಲ್ಲಿ ಬದ್ಧವಾಗುವುದು ‘ಸಮಂಜಸ ಅವಧಿ’ ಎಂಬ ತತ್ವ. 25 ಎಂಬುದು ಆ ಪ್ರಕರಣದ ಸಂಗತಿ. ಸಮಂಜಸ ಯಾವುದು ಎಂಬುದನ್ನು ಆಯಾ ಪ್ರಕರಣದ ಸಂಗತಿಗಳಿಂದಲ್ಲದೆ ಬೇರೆ ಯಾವುದರಿಂದಲೂ ಹೇಳಲಾಗದು.

ಕೊಂಡವರ ಕಡೆಯ ಮಾತೂ ಹಗುರವಲ್ಲ. ಒಡವೆ ಅಡವಿಟ್ಟು ಎರಡೆಕರೆ ಕೊಂಡು, ಹೊಗೆಸೊಪ್ಪಿನ ಬ್ಯಾರನ್ ಕಟ್ಟಿ, ಬ್ಯಾಂಕಿನ ಸಾಲ ಹೊತ್ತು ಮೂವತ್ತು ವರ್ಷ ಅದರಲ್ಲೇ ಬದುಕಿದ ರೈತನನ್ನು ಒಂದು ದಿನ ಎಬ್ಬಿಸಿ ಕಳಿಸುವುದು ಕ್ರೂರವೇ. ಸಮಂಜಸ ಅವಧಿಯ ತತ್ವ ಹುಟ್ಟಿರುವುದು ಇಂಥವರಿಗಾಗಿ. ಆದರೆ ಷರತ್ತು ಗೊತ್ತಿದ್ದೂ, ಕಬಿನಿ ಹಿನ್ನೀರಿನ ಕಡೆ ಬೆಲೆ ಏರುತ್ತದೆಂದು ಲೆಕ್ಕ ಹಾಕಿ ಕೊಂಡು ಬೀಳುಬಿಟ್ಟವನಿಗೂ ಅದೇ ಆಸರೆ ಏಕೆ? ವರ್ಷವನ್ನಷ್ಟೇ ಎಣಿಸಿದರೆ ಇವರಿಬ್ಬರೂ ಒಂದೇ ಆಗಿಬಿಡುತ್ತಾರೆ.

ವಿಳಂಬದ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗತೊಡಗಿದಾಗ ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತವು. ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದು, ಈ ಕಾಯ್ದೆಯಡಿ ಅರ್ಜಿಗೆ ಕಾಲಮಿತಿಯೇ ಇಲ್ಲ ಎಂದಿತು. 2024ರಲ್ಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಅದಕ್ಕೆ ಕೊಟ್ಟ ಉತ್ತರ: ಕಾಲಮಿತಿ ಬೇರೆ, ಹಕ್ಕು ಕೇಳದೆ ಸುಮ್ಮನಿದ್ದ ವಿಳಂಬ ಬೇರೆ, ಮೊದಲನೆಯದು ಕಾಯ್ದೆಯಲ್ಲಿ ಹಿಂದೆಯೂ ಇರಲಿಲ್ಲ, ಎರಡನೆಯದನ್ನು ತಿದ್ದುಪಡಿ ಮುಟ್ಟಿಯೇ ಇಲ್ಲ. ತರ್ಕ ಗಟ್ಟಿಯಾಗಿದೆ, ಒಪ್ಪಬೇಕು. ಶಾಸಕರು ತೀರ್ಪಿನ ಕಾರಣವನ್ನು ಕೈಬಿಟ್ಟು ಬೇರೊಂದಕ್ಕೆ ಉತ್ತರ ಬರೆದರು. ವಿಳಂಬವನ್ನು ಯಾವಾಗಿನಿಂದ ಎಣಿಸಬೇಕು, ಆಡಳಿತದ ಲೋಪವನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂಬುದನ್ನು ಕಾಯ್ದೆಯಲ್ಲೇ ಬಿಡಿಸಿ ಹೇಳುವ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಎಸಿ ಬರೆಯುವ ಆದೇಶದಲ್ಲಾದರೂ ಮಂಜೂರಾತಿದಾರನಿಗೆ ತನ್ನ ಹಕ್ಕು ಯಾವಾಗ ತಿಳಿಯಿತು, ಜಮೀನು ಎಷ್ಟು ಕೈ ಬದಲಾಯಿತು, ಈಗ ಅದರಲ್ಲಿ ದುಡಿಯುತ್ತಿರುವವರು ಯಾರು ಎಂಬುದು ದಾಖಲಾಗಬೇಕು. ಹಾಗಾದರೆ ಡಿಸಿಗೆ ಮೇಲ್ಮನವಿ ಹೋದಾಗಲೂ, ಅದಕ್ಕೂ ಮೇಲೆ ಹೈಕೋರ್ಟ್‌ಗೆ ಹೋದಾಗಲೂ ತೂಗಿ ನೋಡಲು ಸಂಗತಿಗಳಿರುತ್ತವೆ.