ಮರುತುಂಬಿಸುವ ವೇಪ್: ದಿನಬಳಕೆಗೆ ಎಷ್ಟು ಸರಿ?

2025ರ ಜೂನ್ 1ರಿಂದ ಬ್ರಿಟನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಂತುಹೋಗಿದೆ. ಅಲ್ಲಿಗೆ ನರ್ಸ್ ಕೆಲಸಕ್ಕೆಂದು, ಓದಿಗೆಂದು ಹೋಗಿರುವ ನಮ್ಮ ಕರಾವಳಿಯ ಯುವಜನರಿಗೆ ಇದು ಹಳೆಯ ಸುದ್ದಿ. ಊರಿನಲ್ಲಿರುವ ತಂದೆ ತಾಯಂದಿರಿಗೆ ಮಾತ್ರ ಈ ವೇಪ್ ಎಂದರೇನು, ಎಸೆಯುವುದು ಯಾವುದು, ತುಂಬಿಸುವುದು ಯಾವುದು ಎಂಬುದೇ ಸರಿಯಾಗಿ ಗೊತ್ತಿಲ್ಲ. ರಜೆಗೆ ಬಂದ ಮಗನ ಚೀಲದಲ್ಲಿ ಪೆನ್‌ಡ್ರೈವ್‌ಗಿಂತ ಸ್ವಲ್ಪ ದೊಡ್ಡದಾದ, ಮಾವಿನ ಹಣ್ಣಿನ ಪರಿಮಳದ ಒಂದು ವಸ್ತು ಸಿಕ್ಕಿದರೆ 'ಇದು ಸಿಗರೇಟು ಅಲ್ಲ ಅಮ್ಮ, ಬರೀ ಆವಿ' ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಎಷ್ಟು ಸತ್ಯವಿದೆ? ಎಸೆಯುವ ವೇಪ್ ನಿಷೇಧವಾದ ಮೇಲೆ ಅದರ ಜಾಗಕ್ಕೆ ಬಂದಿರುವ ಮರುತುಂಬಿಸುವ ಪಾಡ್ ಸಾಧನವನ್ನು ದಿನನಿತ್ಯ ಬಳಸಬಹುದೇ? ಪ್ರಶ್ನೆಯನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ನೋಡುವುದು ಒಳ್ಳೆಯದು.

ಮೊದಲು ಸಾಧನದ ಬಗ್ಗೆ. ಒಳಗೆ ಒಂದು ಲಿಥಿಯಂ ಬ್ಯಾಟರಿ. ಮೇಲೆ ಕಳಚಿ ತೆಗೆಯಬಹುದಾದ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದೇ ಪಾಡ್. ಪಾಡ್‌ನ ಒಳಗೆ ಹತ್ತಿಯ ಬತ್ತಿ, ಅದಕ್ಕೆ ತಾಗಿ ಲೋಹದ ಸುರುಳಿ. ತುಂಬಿಸುವ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್ ಇರುತ್ತವೆ. ಬಾಯಿಯಿಂದ ಎಳೆದಾಗ ಸುರುಳಿ ಬಿಸಿಯಾಗಿ ಬತ್ತಿಯಲ್ಲಿನ ದ್ರವ ಆವಿಯಾಗುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ. ಹೊಗೆಸೊಪ್ಪು ಉರಿಯದ ಕಾರಣ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇಲ್ಲ. ಆ ಮಟ್ಟಿಗೆ ಮಗ ಹೇಳಿದ್ದು ಸುಳ್ಳಲ್ಲ.

ಬ್ರಿಟನ್‌ನ ನಿಯಮದ ಪ್ರಕಾರ ಪಾಡ್‌ನಲ್ಲಿ 2 ಮಿಲಿ ಲೀಟರ್‌ಗಿಂತ ಹೆಚ್ಚು ದ್ರವ ಹಿಡಿಸುವಂತಿಲ್ಲ, ನಿಕೋಟಿನ್ ದ್ರವದ ಬಾಟಲಿ 10 ಮಿಲಿ ಲೀಟರ್‌ಗೆ ಮೀರುವಂತಿಲ್ಲ, ನಿಕೋಟಿನ್ ಪ್ರತಿ ಮಿಲಿ ಲೀಟರ್‌ಗೆ 20 ಮಿಲಿಗ್ರಾಂ ದಾಟುವಂತಿಲ್ಲ. ನಿಷೇಧದ ನಂತರ ಮಾರುವ ಸಾಧನದ ಬ್ಯಾಟರಿ ಮತ್ತೆ ಚಾರ್ಜ್ ಆಗುವಂತಿರಬೇಕು, ದ್ರವ ಮತ್ತೆ ತುಂಬಿಸುವಂತಿರಬೇಕು, ಸುರುಳಿ ಅಥವಾ ಸುರುಳಿ ಇರುವ ಪಾಡ್ ಬೇರೆಯಾಗಿ ಸಿಗಬೇಕು.

ದಿನಬಳಕೆಯ ವಸ್ತುವಾಗಿ ಇದು ಹೇಗಿದೆ ಎಂದರೆ, ಯಂತ್ರದ ಮಟ್ಟಿಗೆ ಚೆನ್ನಾಗಿಯೇ ಇದೆ ಎನ್ನಬೇಕು. ಯುವೆಲ್ ಕಂಪನಿಯ ಮೊದಲ ಕ್ಯಾಲಿಬರ್ನ್‌ನಲ್ಲಿ 520 ಎಂಎಎಚ್ ಬ್ಯಾಟರಿ ಇತ್ತು. ಹೆಚ್ಚು ಎಳೆಯುವವನಿಗೆ ಸಂಜೆಯವರೆಗೆ ಸಾಕಾಗುತ್ತಿರಲಿಲ್ಲ. ನಂತರ ಬಂದ ವೇಪೊರೆಸ್ಸೊ ಎಕ್ಸ್‌ರಾಸ್ 3ರಂಥವುಗಳಲ್ಲಿ 1000 ಎಂಎಎಚ್ ಇದೆ, ಮೊಬೈಲಿನ ಟೈಪ್-ಸಿ ಚಾರ್ಜರ್ ಆಗುತ್ತದೆ, ಗಾಳಿ ಎಷ್ಟು ಬೇಕೆಂದು ಸರಿಸಿಕೊಳ್ಳುವ ಗುಂಡಿಯೂ ಇದೆ. ದ್ರವ ತುಂಬಿಸಿ ಹತ್ತು ನಿಮಿಷ ಹಾಗೆಯೇ ಇಡಬೇಕು. ಹತ್ತಿ ನೆನೆಯುವ ಮೊದಲೇ ಎಳೆದರೆ ಬತ್ತಿ ಸುಟ್ಟು ಗಂಟಲು ಕಾರುತ್ತದೆ, ಆ ಪಾಡ್ ಮತ್ತೆ ಸರಿಯಾಗುವುದಿಲ್ಲ. ಸಿಹಿ ಹೆಚ್ಚಿರುವ ದ್ರವದಿಂದ ಸುರುಳಿಗೆ ಬೇಗ ಮಸಿ ಕಟ್ಟುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಕ್ಕೊಮ್ಮೆ ಪಾಡ್ ಬದಲಿಸಬೇಕು. ಕಿಸೆಯಲ್ಲಿ ಸೋರುವುದೂ ಉಂಟು, ವಿಮಾನದಲ್ಲಿ ಗಾಳಿಯ ಒತ್ತಡ ಬದಲಾದಾಗ ಇನ್ನೂ ಹೆಚ್ಚು.

ಖರ್ಚಿನ ಲೆಕ್ಕವೂ ಮರುತುಂಬಿಸುವುದರ ಪರವಾಗಿಯೇ ಇದೆ. 2 ಮಿಲಿ ಲೀಟರ್‌ನ ಎಸೆಯುವ ವೇಪ್‌ಗೆ ನಿಷೇಧದ ಮೊದಲು ಸುಮಾರು 5 ಪೌಂಡ್ ಕೊಡಬೇಕಿತ್ತು. ಸುಮಾರು 4 ಪೌಂಡಿನ 10 ಮಿಲಿ ಲೀಟರ್ ಬಾಟಲಿಯಿಂದ ಅಂಥ ಐದು ಸಲ ತುಂಬಿಸಬಹುದು. ಇಪ್ಪತ್ತು ಸಿಗರೇಟಿನ ಪ್ಯಾಕೆಟ್ ಅಲ್ಲಿ 15 ಪೌಂಡ್ ದಾಟಿ ಬಹಳ ದಿನವಾಯಿತು. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿಲಿ ಲೀಟರ್ ದ್ರವಕ್ಕೆ 2.20 ಪೌಂಡ್ ಸುಂಕ ಎಂದು ಬ್ರಿಟನ್ ಸರಕಾರ 2024ರ ಬಜೆಟ್‌ನಲ್ಲಿ ಘೋಷಿಸಿತು. ಅದನ್ನು ಸೇರಿಸಿದರೂ ಸಿಗರೇಟಿಗಿಂತ ಅಗ್ಗವೇ.

ಕಸದ ವಿಷಯದಲ್ಲಿ ಉದ್ದೇಶ ಒಳ್ಳೆಯದು. 2023ರಲ್ಲಿ ಬ್ರಿಟನ್‌ನಲ್ಲಿ ವಾರಕ್ಕೆ ಸುಮಾರು 50 ಲಕ್ಷ ವೇಪ್‌ಗಳು ಕಸಕ್ಕೆ ಬೀಳುತ್ತಿದ್ದವು ಎಂದು ಮೆಟೀರಿಯಲ್ ಫೋಕಸ್ ಎಂಬ ಸಂಸ್ಥೆ ಲೆಕ್ಕ ಹಾಕಿತ್ತು. ಪ್ರತಿಯೊಂದರಲ್ಲೂ ಒಂದು ಲಿಥಿಯಂ ಬ್ಯಾಟರಿ. ಆದರೆ ಕಂಪನಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹಳೆಯ ಎಸೆಯುವ ವೇಪ್‌ಗೇ ಒಂದು ಚಾರ್ಜಿಂಗ್ ತೂತು, ಒಂದು ಬದಲಿ ಪಾಡ್ ಜೋಡಿಸಿ, ಅದೇ ಬಣ್ಣ, ಅದೇ ಹೆಸರು, ಹೆಚ್ಚುಕಡಿಮೆ ಅದೇ ದರದಲ್ಲಿ ಅಂಗಡಿಗೆ ತಂದವು. ಕೊಂಡವರಲ್ಲಿ ಹಲವರು ಅದನ್ನೂ ಮೊದಲಿನಂತೆಯೇ ಎಸೆಯುತ್ತಾರೆ. ಕಾನೂನು ವಸ್ತುವನ್ನು ಬದಲಿಸಬಹುದು, ಕೈಯ ಅಭ್ಯಾಸವನ್ನು ಅಷ್ಟು ಬೇಗ ಬದಲಿಸಲಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿಗರೇಟಿಗೆ ಒಂದು ಕೊನೆ ಇದೆ. ಹಚ್ಚಿದರೆ ಐದಾರು ನಿಮಿಷಕ್ಕೆ ಮುಗಿಯುತ್ತದೆ, ಇನ್ನೊಂದು ಬೇಕಾದರೆ ಎದ್ದು ಹೊರಗೆ ಹೋಗಬೇಕು, ಬೆಂಕಿಪೆಟ್ಟಿಗೆ ಹುಡುಕಬೇಕು, ನಾಲ್ಕು ಜನ ನೋಡುತ್ತಾರೆ. ಎಸೆಯುವ ವೇಪ್‌ಗೂ ಒಂದು ಕೊನೆ ಇತ್ತು, ದ್ರವ ಮುಗಿದರೆ ಅಂಗಡಿಗೆ ಹೋಗಬೇಕಿತ್ತು. ಮರುತುಂಬಿಸುವ ಪಾಡ್‌ಗೆ ಆ ಕೊನೆಯೂ ಇಲ್ಲ. ಹಾಸಿಗೆಯಲ್ಲಿ, ಬಾತ್‌ರೂಮಿನಲ್ಲಿ, ಕಾರಿನಲ್ಲಿ, ಎರಡೆರಡು ಎಳೆತ ಎಳೆದು ಕಿಸೆಗೆ ಹಾಕಬಹುದು. ದಿನಕ್ಕೆ ಎಷ್ಟಾಯಿತು ಎಂದು ಕೇಳಿದರೆ ಬಳಸುವವರಿಗೇ ಲೆಕ್ಕ ಇರುವುದಿಲ್ಲ. 20 ಮಿಲಿಗ್ರಾಂ ದ್ರವದ 2 ಮಿಲಿ ಲೀಟರ್ ಪಾಡ್‌ನಲ್ಲಿ 40 ಮಿಲಿಗ್ರಾಂ ನಿಕೋಟಿನ್ ಇದೆ. ಇದು ಒಂದು ಪ್ಯಾಕೆಟ್ ಸಿಗರೇಟಿನಿಂದ ದೇಹಕ್ಕೆ ಸೇರುವ ನಿಕೋಟಿನ್‌ನ ಆಸುಪಾಸು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪ್ಯಾಕೆಟ್ ಖಾಲಿಯಾದರೆ ಕಣ್ಣಿಗೆ ಕಾಣುತ್ತದೆ, ಪಾಡ್ ಖಾಲಿಯಾದರೆ ಬಾಟಲಿ ಬಗ್ಗಿಸಿದರೆ ಆಯಿತು.

ಇದಕ್ಕೆ ಜೊತೆಯಾಗಿ ನಿಕೋಟಿನ್ ಸಾಲ್ಟ್ ಬಂತು. ಹಿಂದಿನ ದ್ರವಗಳಲ್ಲಿ ನಿಕೋಟಿನ್ ಹೆಚ್ಚಾದರೆ ಗಂಟಲು ಉರಿಯುತ್ತಿತ್ತು, ಹೊಸಬರು ಕೆಮ್ಮಿ ಬಿಟ್ಟುಬಿಡುತ್ತಿದ್ದರು. ಬೆನ್ಜೋಯಿಕ್ ಆಮ್ಲ ಸೇರಿಸಿದರೆ ಆ ಉರಿ ಇರುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ ಜೂಲ್ ಎಂಬ ಸಾಧನ ಈ ದಾರಿಯಲ್ಲೇ ಮಾರುಕಟ್ಟೆಗೆ ಬಂತು, ಕೆಲವೇ ವರ್ಷಗಳಲ್ಲಿ ಶಾಲೆಗಳ ಶೌಚಾಲಯಗಳಿಗೂ ತಲುಪಿತು. ಇಂದಿನ ಪಾಡ್ ಸಾಧನಗಳಿಗೆ ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಸಾಲ್ಟ್ ದ್ರವಗಳೇ. ಒಮ್ಮೆಯೂ ಸಿಗರೇಟು ಮುಟ್ಟದ ಹುಡುಗಿ ಹಣ್ಣಿನ ರುಚಿಯ ಹೆಸರಿನಲ್ಲಿ ನಿಕೋಟಿನ್‌ಗೆ ಅಂಟಿಕೊಳ್ಳುವುದು ಹೀಗೆ.

ಆದರೂ ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಇಪ್ಪತ್ತು ವರ್ಷ ದಿನಕ್ಕೊಂದು ಪ್ಯಾಕೆಟ್ ಸೇದಿದ ವ್ಯಕ್ತಿಗೆ ಈ ಸಾಧನ ಒಂದು ಹೊರದಾರಿ ಆಗಬಹುದು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ವೇಪ್ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂಬ ಅಂದಾಜನ್ನು ಮುಂದಿಟ್ಟಿತು. ಅದು ತಜ್ಞರ ಅಂದಾಜೇ ಹೊರತು ಅಳತೆ ಅಲ್ಲ ಎಂಬ ಟೀಕೆ ಅಂದಿನಿಂದಲೂ ಇದೆ, ಆ ಟೀಕೆಯಲ್ಲಿ ತೂಕವಿದೆ. ಇದಕ್ಕಿಂತ ಗಟ್ಟಿಯಾದ ಆಧಾರ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳು: ನಿಕೋಟಿನ್ ಗಮ್, ಪ್ಯಾಚ್‌ಗಳಿಗಿಂತ ನಿಕೋಟಿನ್ ಇರುವ ವೇಪ್ ಬಳಸಿದವರಲ್ಲಿ ಹೆಚ್ಚಿನವರು ಸಿಗರೇಟು ಬಿಟ್ಟಿದ್ದಾರೆ ಎಂದು ಅವು ತೋರಿಸಿವೆ. 2023ರಲ್ಲಿ ಬ್ರಿಟನ್ ಸರಕಾರ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ ಕೊಡುವ ಯೋಜನೆಯನ್ನು ಪ್ರಕಟಿಸಿದ್ದು ಇಂಥ ಆಧಾರದ ಮೇಲೆಯೇ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳನ್ನು ಸೆಳೆಯುವ ಪರಿಮಳಗಳನ್ನು ತಡೆಯಬೇಕೆಂದು ದೇಶಗಳಿಗೆ ಕರೆ ಕೊಟ್ಟಿತು. ಎರಡೂ ಮಾತು ಒಟ್ಟಿಗೆ ಸತ್ಯವಾಗಿರಲು ಅಡ್ಡಿಯಿಲ್ಲ. ಒಂದು ಸೇದುವವನ ಬಗ್ಗೆ, ಇನ್ನೊಂದು ಸೇದದವನ ಬಗ್ಗೆ.

ಹಾಗಾಗಿ 'ದಿನಬಳಕೆ' ಎಂಬ ಪದದ ಮೇಲೆಯೇ ನನ್ನ ಆಕ್ಷೇಪ. ಸಿಗರೇಟು ಬಿಡಲು ಬಳಸುವವನು ಒಂದು ದಿನಾಂಕ ಇಟ್ಟುಕೊಳ್ಳಬೇಕು. 20 ಮಿಲಿಗ್ರಾಂನಿಂದ 10ಕ್ಕೆ, ಅಲ್ಲಿಂದ ಇನ್ನೂ ಕೆಳಗೆ ಇಳಿಯುತ್ತಾ ಬರಬೇಕು. ಅಂಥವನಿಗೆ ಮರುತುಂಬಿಸುವ ಸಾಧನವೇ ಒಳ್ಳೆಯದು, ಏಕೆಂದರೆ ದ್ರವದ ಬಲವನ್ನು ಅವನೇ ಇಳಿಸಿಕೊಳ್ಳಬಹುದು; ಎಸೆಯುವ ವೇಪ್‌ನಲ್ಲಿ ಈ ಅನುಕೂಲ ಕಡಿಮೆ ಇತ್ತು. ಬೆಳಿಗ್ಗೆ ಎರಡು ಸಿಗರೇಟು, ಉಳಿದ ಹೊತ್ತು ವೇಪ್ ಎಂದು ಎರಡನ್ನೂ ಹಿಡಿದುಕೊಂಡರೆ ಲಾಭ ಬಹಳ ಕಡಿಮೆ. ಸೇದದವನಿಗಂತೂ ಇದರಲ್ಲಿ ಏನೂ ಇಲ್ಲ. ನಿಕೋಟಿನ್ ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ. ಆವಿಯಲ್ಲಿ ಸುರುಳಿಯ ಲೋಹದ ಕಣಗಳು ಸಿಕ್ಕಿವೆ, ಸುರುಳಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಉಂಟಾಗುತ್ತದೆ. ಈಗಿನ ಇ-ಸಿಗರೇಟನ್ನು ಚೀನಾದ ಹೊನ್ ಲಿಕ್ ರೂಪಿಸಿದ್ದು 2003ರಲ್ಲಿ. ಸಿಗರೇಟಿನ ಕ್ಯಾನ್ಸರ್ ಪೂರ್ತಿ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕಾದವು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. 20 ಮಿಲಿಗ್ರಾಂನ 10 ಮಿಲಿ ಲೀಟರ್ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇದೆ. ನೋಡಲು ಕಣ್ಣಿನ ಔಷಧಿಯ ಬಾಟಲಿಯಂತೆ, ವಾಸನೆ ಮಿಠಾಯಿಯದ್ದು. ಮಗು ಸ್ವಲ್ಪ ಕುಡಿದರೂ ಪ್ರಾಣಾಪಾಯವಿದೆ. ಬೀಗ ಹಾಕುವ ಕಪಾಟಿನಲ್ಲಿಯೇ ಇಡಬೇಕು.

ಊರಿಗೆ ತರುವ ಪ್ರಶ್ನೆ ಬಂದಾಗ ಚರ್ಚೆಗೆ ಜಾಗವಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರ್ ಹೊತ್ತಿಗೆ ಕಾಯ್ದೆಯನ್ನೇ ಮಾಡಿತು. ತಯಾರಿ, ಆಮದು, ಸಾಗಾಟ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಸೆರೆ ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಬಿಡಿಭಾಗವೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ದುಬೈಯಿಂದ ಬರುವಾಗ ಭಾವನಿಗೊಂದು, ಗೆಳೆಯನಿಗೊಂದು ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದರೆ ಅದು ಉಡುಗೊರೆಯಲ್ಲ, ಆಮದು.

ಗಲ್ಫ್‌ನಲ್ಲಿಯೂ ಒಂದೇ ನಿಯಮವಿಲ್ಲ. ಯು.ಎ.ಇ. 2019ರಲ್ಲಿ ಮಾನದಂಡ ರೂಪಿಸಿ ಮಾರಾಟಕ್ಕೆ ಅವಕಾಶ ಕೊಟ್ಟಿತು. ಕತಾರ್ ಮತ್ತು ಓಮಾನ್‌ನಲ್ಲಿ ನಿಷೇಧವಿದೆ. ಸಿಂಗಾಪುರದಲ್ಲಿ 2018ರಿಂದ ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. 2025ರ ಸೆಪ್ಟೆಂಬರ್‌ನಿಂದ ಶಿಕ್ಷೆ ಇನ್ನೂ ಬಿಗಿಯಾಯಿತು, ಏಕೆಂದರೆ ಎಟೊಮಿಡೇಟ್ ಎಂಬ ಅರಿವಳಿಕೆ ಔಷಧಿ ಬೆರೆಸಿದ ಪಾಡ್‌ಗಳು ಅಲ್ಲಿ ಹರಡಿದ್ದವು. ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ಔಷಧಿ ಅಂಗಡಿಯಲ್ಲಿ ಮಾತ್ರ ಮಾರಾಟ. ದುಬೈಯಿಂದ ದೋಹಾಕ್ಕೆ ಕೆಲಸ ಬದಲಿಸುವ ನಮ್ಮವರು ಕಿಸೆಯನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ನಿಷೇಧವಿದ್ದೂ ಭಾರತದ ನಗರಗಳಲ್ಲಿ ವೇಪ್ ಕದ್ದುಮುಚ್ಚಿ ಸಿಗುತ್ತದೆ ಎಂಬುದು ಗುಟ್ಟಲ್ಲ. ಇಲ್ಲಿ ಸಿಗುವುದು ಇನ್ನೂ ಕೆಟ್ಟದ್ದು. ಒಳಗೆ ಏನಿದೆ ಎಂದು ಪರೀಕ್ಷಿಸುವವರು ಯಾರೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು ಜನ ಆಸ್ಪತ್ರೆ ಸೇರತೊಡಗಿದಾಗ 2020ರ ಫೆಬ್ರವರಿವರೆಗೆ 2807 ಪ್ರಕರಣ, 68 ಸಾವು ದಾಖಲಾದವು. ಕಾರಣ ಬಹುಮಟ್ಟಿಗೆ ಕಾಳಸಂತೆಯ ಗಾಂಜಾ ದ್ರವಗಳಿಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂದು ತಿಳಿದುಬಂತು. ಅಂಗಡಿಯಲ್ಲಿ ಸಿಗದ್ದು ಬೀದಿಯಲ್ಲಿ ಸಿಕ್ಕಿದಾಗ ಹೀಗಾಗುತ್ತದೆ.

ಇಲ್ಲಿ ನಮ್ಮ ಸರಕಾರವನ್ನೂ ಕೇಳಬೇಕಾದ ಪ್ರಶ್ನೆಯೊಂದಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 28.6 ಜನ, ಅಂದರೆ ಸುಮಾರು 26.7 ಕೋಟಿ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಬೀಡಿ, ಸಿಗರೇಟು ಮೂಲೆ ಮೂಲೆಯ ಗೂಡಂಗಡಿಯಲ್ಲಿ ಸಿಗುತ್ತದೆ. ಕಡಿಮೆ ಹಾನಿಯದನ್ನು ಮುಚ್ಚಿ ಹೆಚ್ಚು ಹಾನಿಯದನ್ನು ತೆರೆದಿಡುವುದು ಯಾವ ನ್ಯಾಯ ಎಂದು ವೇಪ್ ಪರವಾಗಿ ಮಾತಾಡುವವರು ಕೇಳುತ್ತಾರೆ. ಆ ಪ್ರಶ್ನೆಗೆ ಸರಕಾರದ ಬಳಿ ಸರಿಯಾದ ಉತ್ತರವಿಲ್ಲ. ನಮ್ಮ ಜಿಲ್ಲೆಯವರು ಇದನ್ನು ಇನ್ನೂ ಹತ್ತಿರದಿಂದ ಬಲ್ಲರು: ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ದಕ್ಷಿಣ ಕನ್ನಡದ ಊರೂರಿನಲ್ಲಿ ಇದ್ದಾರೆ. ಬೀಡಿಯನ್ನು ಒಂದೇ ಏಟಿಗೆ ನಿಷೇಧಿಸಿ ಎನ್ನಲು ಬಾಯಿ ಬರುವುದಿಲ್ಲ. ಆದರೆ ಒಂದು ತಪ್ಪನ್ನು ಸರಿಮಾಡಲಾಗಲಿಲ್ಲ ಎಂದು ಇನ್ನೊಂದಕ್ಕೆ ಬಾಗಿಲು ತೆರೆಯಬೇಕೆಂದೂ ಇಲ್ಲ. ಇನ್ನೂ ಅಭ್ಯಾಸ ಹಿಡಿಯದ ಮಕ್ಕಳೇ ಇಲ್ಲಿ ಹೆಚ್ಚು. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ, 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ, ಅಂಗಡಿಯವರು ಪಾಲಿಸಿದರೆ.

ಧರ್ಮಕೇಂದ್ರಗಳಲ್ಲಿ ಯುವಜನರ ಜೊತೆ ಕೆಲಸ ಮಾಡುವವರಿಗೆ ಒಂದು ಸಲಹೆ. ವಿದೇಶಕ್ಕೆ ಹೊರಡುವವರಿಗೆ ನಡೆಸುವ ಮಾಹಿತಿ ಶಿಬಿರದಲ್ಲಿ ವೀಸಾ, ಬ್ಯಾಂಕ್ ಖಾತೆಗಳ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಕೊಡಬಹುದು. ಹೆದರಿಸುವ ಚಿತ್ರಗಳ ಬದಲು ನಿಕೋಟಿನ್ ಸಾಲ್ಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಸಿದರೆ ಈ ಕಾಲದ ಮಕ್ಕಳು ಹೆಚ್ಚು ಕೇಳುತ್ತಾರೆ. ಈಗಾಗಲೇ ಅಂಟಿಕೊಂಡಿರುವವರನ್ನು ಬೈದು ಪ್ರಯೋಜನವಿಲ್ಲ. ಊರಿನಲ್ಲಿರುವವರು ಬಿಡಲು ಬಯಸಿದರೆ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.