ಸಂಘದ ಬರವಣಿಗೆ ಸಂಘದವರಿಗೇ ಬರಲಿ

ಹೈದರಾಬಾದ್ ಕಂಪ್ಯೂಟರ್ ಕಲಿಕೆಗೆ ಹೆಸರಾದ ನಗರ. ಅಮೀರ್‌ಪೇಟೆಯಲ್ಲಿ ಎತ್ತ ನೋಡಿದರೂ ತರಬೇತಿ ಕೇಂದ್ರಗಳ ಫಲಕಗಳೇ. ಮೈಕ್ರೋಸಾಫ್ಟ್ ಸಂಸ್ಥೆ ಭಾರತದಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು 1998ರಲ್ಲಿ ತೆರೆದದ್ದೂ ಇಲ್ಲಿಯೇ. ಆದರೂ ರಾಜ್ಯೋತ್ಸವದ ಆಮಂತ್ರಣವನ್ನೋ ವಾರ್ಷಿಕ ಮಹಾಸಭೆಯ ನೋಟಿಸನ್ನೋ ಕನ್ನಡದಲ್ಲಿ ಸಿದ್ಧಪಡಿಸಬೇಕಾದಾಗ ಸಂಘಗಳ ಪದಾಧಿಕಾರಿಗಳು ಪರದಾಡುವುದು ತಪ್ಪಿಲ್ಲ. ಡಿಟಿಪಿ ಅಂಗಡಿಗಳಲ್ಲಿ ತೆಲುಗು, ಇಂಗ್ಲಿಷ್ ಬಲ್ಲವರು ಸಿಗುತ್ತಾರೆ, ಕನ್ನಡ ಬಲ್ಲವರು ಅಪರೂಪ. ಲಿಪಿ ಹತ್ತಿರದ್ದಾದರೂ ತಲೆಕಟ್ಟು, ಒತ್ತಕ್ಷರ ತಪ್ಪಿ ಕರಡನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಕೊನೆಗೆ ಟೈಪಿಂಗ್ ಬಲ್ಲ ಒಬ್ಬ ಸದಸ್ಯರ ಮೇಲೆಯೇ ಎಲ್ಲ ಭಾರ. ಅವರು ಊರಿಗೆ ಹೋದರೆ ನಡಾವಳಿ ಬರೆಯುವುದೂ ನಿಲ್ಲುತ್ತದೆ.

ಈ ಕಲಿಕೆ ಕಷ್ಟದ್ದೇನಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿದ್ದು, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದಲ್ಲಿ ಅದು ಉಚಿತವಾಗಿ ದೊರೆಯುತ್ತದೆ. 'ಕೆ' ಕೀಲಿ ಒತ್ತಿದರೆ ಕ, ಶಿಫ್ಟ್ ಜತೆಗೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ಎ, ಕೆ, ಎಫ್, ಕೆ ಒತ್ತಿದರೆ 'ಅಕ್ಕ' ಮೂಡುತ್ತದೆ. ದಿನಕ್ಕೆ ಅರ್ಧ ಗಂಟೆ ಬಿಡದೆ ಅಭ್ಯಾಸ ಮಾಡಿದರೆ ಬೆರಳುಗಳು ತಾವಾಗಿಯೇ ಹಾದಿ ಹಿಡಿಯುತ್ತವೆ.

ಆದರೆ ಅಕ್ಷರ ಮೂಡಿಸಿದ ಮಾತ್ರಕ್ಕೆ ಕಚೇರಿ ಕೆಲಸ ಬಂದಂತಲ್ಲ. ಜಮಾ-ಖರ್ಚಿನ ಪಟ್ಟಿಯನ್ನು ಸ್ಪೇಸ್ ಬಾರ್ ಒತ್ತಿ ಒತ್ತಿ ಜೋಡಿಸುವವರೇ ಹೆಚ್ಚು. ಫಾಂಟ್ ಬದಲಾದೊಡನೆ ಅಂಕಿಗಳು ಸಾಲು ತಪ್ಪುತ್ತವೆ. ಅದಕ್ಕೆ ಟೇಬಲ್ ಇದೆ. ನೂರಾರು ಸದಸ್ಯರ ವಿಳಾಸವನ್ನು ಪ್ರತಿ ವರ್ಷ ಹೊಸದಾಗಿ ಟೈಪ್ ಮಾಡಬೇಕಿಲ್ಲ. ಪಟ್ಟಿ ಒಮ್ಮೆ ಸಿದ್ಧವಾದರೆ ಮೇಲ್ ಮರ್ಜ್ ಮೂಲಕ ಎಲ್ಲ ಲಕೋಟೆಗಳನ್ನೂ ಮುದ್ರಿಸಬಹುದು. ದಿನಾಂಕ ಸೇರಿಸಿ ಕಡತಕ್ಕೆ ಹೆಸರಿಡುವುದು, ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಳ್ಳುವುದು ಇವೂ ಕಲಿಕೆಯ ಭಾಗವೇ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸ್ಮರಣ ಸಂಚಿಕೆಗಳು, ವರದಿಗಳು ಎಷ್ಟೋ ಸಂಘಗಳ ಕಂಪ್ಯೂಟರುಗಳಲ್ಲಿ ಇನ್ನೂ ಹಾಗೆಯೇ ಉಳಿದಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲೋ ಮೊಬೈಲಿನಲ್ಲೋ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಇಲ್ಲಿನ ಕನ್ನಡಿಗರು ನಿನ್ನೆ ಮೊನ್ನೆ ಬಂದವರಲ್ಲ. ಅವರು ಕಟ್ಟಿದ ನಾಟಕ, ನಡೆಸಿದ ಸಭೆ, ಸಲ್ಲಿಸಿದ ಮನವಿಗಳ ವಿವರ ಸಂಘಗಳ ಕಾಗದಪತ್ರಗಳಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು? ನುಡಿ ಹಾಗೂ ಬರಹ ಎರಡರಲ್ಲೂ ಹಳೆಯ ಬರವಣಿಗೆಯನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಟೈಪ್ ಮಾಡಿದ ಹಿರಿಯರು ಜತೆಗಿರುವಾಗಲೇ ಆ ಕೆಲಸ ಆಗಬೇಕು. ಪರಿವರ್ತನೆಯಲ್ಲಿ ಉಳಿದ ತಪ್ಪುಗಳನ್ನು ಗುರುತಿಸಬಲ್ಲವರು ಅವರೇ.

ಉದ್ಯೋಗದ ದೃಷ್ಟಿಯಿಂದಲೂ ಇದು ಲಾಭದಾಯಕ. ಪದವಿ ಮುಗಿಸಿ ಕೆಲಸ ಹುಡುಕುವ ಯುವಕ ಯುವತಿಯರಿಗೆ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕಚೇರಿಗೆ ಹೋಗಬಯಸುವ ಗೃಹಿಣಿಯರಿಗೆ ಪತ್ರ ರಚನೆ, ಟೇಬಲ್, ಮೇಲ್ ಮರ್ಜ್ ಇಂಗ್ಲಿಷಿನಲ್ಲೂ ಅಷ್ಟೇ ಉಪಯುಕ್ತ. ಅವನ್ನು ಮಾತೃಭಾಷೆಯಲ್ಲಿ ಹೇಳಿಕೊಟ್ಟರೆ ಅಂಜಿಕೆ ಕಡಿಮೆಯಾಗುತ್ತದೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ಹಿಡಿದು ಬಡಾವಣೆಗಳ ಚಿಕ್ಕ ಸಂಘಗಳವರೆಗೆ ಎಲ್ಲರೂ ಈ ಬಗ್ಗೆ ಯೋಚಿಸಬೇಕಿದೆ. ದೊಡ್ಡ ಖರ್ಚೇನೂ ಬೇಡ. ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ. ಸದಸ್ಯರ ಮನೆಗಳಲ್ಲಿರುವ ನಾಲ್ಕಾರು ಲ್ಯಾಪ್‌ಟಾಪ್, ಒಂದು ಕೋಣೆ, ಎಂಟು ಹತ್ತು ಭಾನುವಾರ ಸಾಕು. ನಗರದ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗ ತರುಣರು ಕಲಿಸಲು ಮುಂದೆ ಬರಲಿ. ಕಲಿತವರು ಅಭ್ಯಾಸಕ್ಕೆಂದು ಸಂಘದ ಹಳೆಯ ನಡಾವಳಿಗಳನ್ನೇ ಟೈಪ್ ಮಾಡಲಿ. ಮುಂದಿನ ಮಹಾಸಭೆಯ ನೋಟಿಸನ್ನಾದರೂ ಸದಸ್ಯರೇ ಟೈಪ್ ಮಾಡುವಂತಾಗಲಿ.