ಒಂದು ಕರಿಯ ಉಡುಪು

೨೦೦೬ನೆಯ ಇಸವಿಯ ಡಿಸೆಂಬರ್ ೫ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯವರು ಒಂದು ಕರಿಯ ಉಡುಪನ್ನು ಹರಾಜು ಹಾಕಿದರು. ತೋಳಿಲ್ಲದ, ಸ್ಯಾಟಿನ್ ಬಟ್ಟೆಯ ನೀಳ ಅಂಗಿಯದು. ೧೯೬೧ರಲ್ಲಿ ತೆರೆಗೆ ಬಂದ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಎಂಬ ಚಲಚ್ಚಿತ್ರದ ನಾಯಕಿ ಆಡ್ರಿ ಹೆಪ್‌ಬರ್ನ್ ಅವರಿಗೆಂದು ಪ್ಯಾರಿಸ್ಸಿನ ಪ್ರಖ್ಯಾತ ವಸ್ತ್ರವಿನ್ಯಾಸಕಾರ ಜಿವಾಂಶಿಯವರು ಅದನ್ನು ರಚಿಸಿದ್ದರು. ಐವತ್ತರಿಂದ ಎಪ್ಪತ್ತು ಸಾವಿರ ಪೌಂಡು ಬಂದೀತೆಂದು ಹರಾಜಿನವರ ಅಂದಾಜು. ಹೆಸರು ಹೇಳಲೊಲ್ಲದ ಒಬ್ಬರು ಟೆಲಿಫೋನಿನಲ್ಲಿಯೇ ಸವಾಲು ಕೂಗಿ ೪,೬೭,೨೦೦ ಪೌಂಡಿಗೆ ಕೊಂಡರು.

ಇಷ್ಟೇ ಆಗಿದ್ದರೆ, ಧನಿಕರ ವಿನೋದವೆಂದು ನಾವು ಸುಮ್ಮನಿರುತ್ತಿದ್ದೆವು. ಆದರೆ ಆ ಹಣವು ನಮ್ಮ ದೇಶಕ್ಕೆ ಮೀಸಲಾದುದು. ಜಿವಾಂಶಿಯವರು ಆ ಉಡುಪನ್ನು ಡಾಮಿನಿಕ್ ಲಾಪಿಯೇರ್ ಅವರಿಗೆ ದಾನವಾಗಿತ್ತಿದ್ದರು. ಕಲ್ಕತ್ತೆಯ ದರಿದ್ರರ ಬಾಳನ್ನು ಕುರಿತು ‘ಸಿಟಿ ಆಫ್ ಜಾಯ್’ ಎಂಬ ಗ್ರಂಥವನ್ನು ಬರೆದು, ಅವರ ಸೇವೆಗೆ ಧರ್ಮಸಂಸ್ಥೆಯನ್ನು ನಡೆಯಿಸಿದ ಫ್ರೆಂಚ್ ಲೇಖಕರಿವರು. ಬಂದ ಹಣದಿಂದ ನಿರ್ಗತಿಕ ಮಕ್ಕಳಿಗೆ ಶಾಲೆಗಳನ್ನು ಕಟ್ಟಿಸುವುದೆಂದು ಸಂಕಲ್ಪವಾಗಿತ್ತು. ನಟಿಯೊಬ್ಬಳ ಬಟ್ಟೆಯ ತುಂಡು ಇಟ್ಟಿಗೆ ಸಿಮೆಂಟುಗಳಾಗುವುದನ್ನು ಕಂಡು ಲಾಪಿಯೇರ್ ಅವರೇ ಬೆರಗಾದರು.

ಬಟ್ಟೆಗೆ ಇಂಥ ಬೆಲೆಯುಂಟೆ ಎಂದು ನಮ್ಮ ವಾಚಕರು ನಗಬೇಕಾಗಿಲ್ಲ. ನಮ್ಮ ದೇವೀ ಕ್ಷೇತ್ರಗಳಲ್ಲಿ ಅಮ್ಮನವರಿಗೆ ಉಡಿಸಿದ ಸೀರೆಯನ್ನು ಹರಾಜಿನಲ್ಲಿ ಕೊಂಡು ಕಣ್ಣಿಗೊತ್ತಿಕೊಳ್ಳುವ ಗೃಹಿಣಿಯು ನೂಲಿಗೆ ಬೆಲೆ ಕಟ್ಟುತ್ತಾಳೆಯೆ? ೧೯೩೪ರ ಹರಿಜನ ಪ್ರವಾಸದಲ್ಲಿ ಗಾಂಧೀಜಿಯವರು ಕನ್ನಡ ನಾಡಿಗೂ ಬಂದಿದ್ದರು. ಜನರು ತಮಗೆ ಅರ್ಪಿಸಿದ ಬಿನ್ನವತ್ತಳೆಗಳನ್ನೂ ಕಾಣಿಕೆಗಳನ್ನೂ ಸಭೆಗಳಲ್ಲಿಯೇ ಹರಾಜು ಕೂಗಿ ನಿಧಿಗೆ ಸೇರಿಸುವುದು ಆ ಪ್ರವಾಸದ ಪದ್ಧತಿಯಾಗಿತ್ತು. ಜಿವಾಂಶಿಯವರ ದಾನವೂ ಆ ಜಾತಿಯದೇ. ಹೆಪ್‌ಬರ್ನ್ ಅವರಾದರೂ ಹಸಿವನ್ನು ಅರಿಯದ ಬೊಂಬೆಯಲ್ಲ. ಜರ್ಮನರ ಸೆರೆಯಲ್ಲಿದ್ದ ಹಾಲೆಂಡಿನಲ್ಲಿ ಅರೆಹೊಟ್ಟೆಯಿಂದ ಬೆಳೆದವರು. ಕಡೆಗಾಲದಲ್ಲಿ ಯೂನಿಸೆಫ್ ಸಂಸ್ಥೆಯ ಪರವಾಗಿ ಇಥಿಯೋಪಿಯ, ಸೊಮಾಲಿಯಗಳ ಕ್ಷಾಮಪೀಡಿತ ಮಕ್ಕಳ ನಡುವೆ ಓಡಾಡಿ, ೧೯೯೩ರಲ್ಲಿ ತೀರಿಕೊಂಡರು. ಅವರ ಉಡುಪಿಗೆ ಇದಕ್ಕಿಂತ ಸದ್ಗತಿ ಯಾವುದು?

ಪರದೇಶದವರ ಭಿಕ್ಷೆ ನಮಗೇಕೆಂದು ಮೂಗು ಮುರಿಯುವ ಸ್ವಾಭಿಮಾನಿಗಳು ನಮ್ಮಲ್ಲಿ ಅನೇಕರು. ಅವರ ಸ್ವಾಭಿಮಾನವನ್ನು ನಾವು ಅಲ್ಲಗಳೆಯೆವು. ಅದು ತಿರುಗಿರುವ ದಿಕ್ಕು ಮಾತ್ರ ತಪ್ಪು. ದಾನಿಗಳಲ್ಲಿ ನಾವು ಕುಂದೆಣಿಸಲಾರೆವು. ಕುಂದು ಇರುವುದು ನಮ್ಮ ದಫ್ತರಗಳಲ್ಲಿ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ರಾಜ್ಯಾಂಗದ ೪೫ನೆಯ ವಿಧಿಯು, ಹದಿನಾಲ್ಕು ವರುಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಹತ್ತು ವರುಷಗಳೊಳಗೆ ಒದಗಿಸಲು ಯತ್ನಿಸಬೇಕೆಂದು ಸರಕಾರಕ್ಕೆ ವಿಧಿಸಿತ್ತು. ಎಂದರೆ, ಹೆಪ್‌ಬರ್ನ್ ಅವರ ಆ ಚಿತ್ರವು ತೆರೆಗೆ ಬರುವ ಮೊದಲೇ ಗಡುವು ತೀರಿತ್ತು! ೨೦೦೨ರಲ್ಲಿ ೮೬ನೆಯ ತಿದ್ದುಪಡಿಯ ಮೂಲಕ ಆರರಿಂದ ಹದಿನಾಲ್ಕು ವಯಸ್ಸಿನವರ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿದೆವು. ಅದಕ್ಕೆ ಬೇಕಾದ ಶಾಸನವು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾದುದು ೨೦೦೯ರಲ್ಲಿ. ಜಾರಿಗೆ ಬಂದುದು ೨೦೧೦ರ ಏಪ್ರಿಲ್ ೧ರಂದು. ಹಕ್ಕು ಕಾಗದದಲ್ಲಿದ್ದು ಕಾನೂನು ಹುಟ್ಟದಿದ್ದ ಆ ನಡುಗಾಲದಲ್ಲಿಯೇ ಲಂಡನ್ನಿನಲ್ಲಿ ಹರಾಜಿನ ಸುತ್ತಿಗೆ ಬಿದ್ದುದು.

ಲಾಪಿಯೇರ್ ಅವರು ೨೦೨೨ರಲ್ಲಿಯೂ, ಜಿವಾಂಶಿಯವರು ಅದಕ್ಕೆ ನಾಲ್ಕು ವರುಷ ಮುಂಚೆಯೂ ದಿವಂಗತರಾದರು. ಅಂಥ ಇನ್ನೊಂದು ಉಡುಪನ್ನು ಅವರಿಂದ ನಿರೀಕ್ಷಿಸುವಂತಿಲ್ಲ. ಶಾಲೆಯ ಗೋಡೆಯನ್ನು ಹರಾಜಿನ ಹಣದಿಂದ ಒಮ್ಮೆ ಎಬ್ಬಿಸಬಹುದು. ಉಪಾಧ್ಯಾಯರ ಸಂಬಳವೂ ಸೋರುವ ಮಾಡಿನ ದುರಸ್ತಿಯೂ ಸರಕಾರದ ಬೊಕ್ಕಸದಿಂದಲೇ ಬರತಕ್ಕವು. ಈ ಎರಡಕ್ಕೂ ಎಷ್ಟೆಷ್ಟು ಮೊಬಲಗನ್ನು ತೆಗೆದಿರಿಸಿದ್ದೇವೆಂದು, ಮುಂದಿನ ಆಯವ್ಯಯವನ್ನು ಮಂಡಿಸುವಾಗ ಪ್ರತಿಯೊಂದು ರಾಜ್ಯದ ಹಣಕಾಸಿನ ಮಂತ್ರಿಗಳೂ ಬೇರೆ ಬೇರೆಯಾಗಿ ಓದಿ ಹೇಳಲಿ ಎಂದು ನಾವು ಒತ್ತಾಯಪಡಿಸುತ್ತೇವೆ.